ಅಕ್ಕೋರ ಕೈಯ ಸುಜಾತಾ

ಹೊನ್ನಾವರ, ಕುಮಟಾ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ನಮಗೆ ಕಲಿಸಿದ ಅಕ್ಕೋರ ಎಡಗೈಯಲ್ಲಿ ಬಳೆಯಿರಲಿಲ್ಲ, ನಾಲ್ಕಾಣೆಯಷ್ಟಗಲದ ಒಂದು ವಾಚಿತ್ತು. ಅದರ ಮುಖ ಮಣಿಕಟ್ಟಿನ ಒಳಮಗ್ಗುಲಿಗೆ. ಗಂಟೆ ನೋಡುವಾಗ ಅಂಗೈ ಮೇಲೆ ಮಾಡಿ, ಕಣ್ಣು ಕಿರಿದಾಗಿಸುತ್ತಿದ್ದರು. ಎಚ್‌ಎಂಟಿ ಸುಜಾತಾ. ಬಸ್ಸಿನ ಹಾರ್ನು, ದೇವಸ್ಥಾನದ ಗಂಟೆ, ಮಸೀದಿಯ ಬಾಂಗು ಕೇಳಿ ಹೊತ್ತು ತಿಳಿಯುತ್ತಿದ್ದ ಊರಿನಲ್ಲಿ, ನಾನು ಕಂಡಂತೆ ಹೊತ್ತನ್ನು ಕೈಗೆ ಕಟ್ಟಿಕೊಂಡ ಮೊದಲ ಹೆಂಗಸರು ಸಂಬಳ ಎಣಿಸುವವರೇ. ಅಕ್ಕೋರು, ಆಸ್ಪತ್ರೆಯ ನರ್ಸಮ್ಮ.

ತಮಾಷೆಯೆಂದರೆ, ಕೈಗಡಿಯಾರ ಹುಟ್ಟಿದ್ದೇ ಹೆಂಗಸರಿಗಾಗಿ. ನೇಪಲ್ಸಿನ ರಾಣಿ ಕ್ಯಾರೊಲಿನ್ ಮುರಾ 1810ರಲ್ಲಿ ಪ್ಯಾರಿಸಿನ ಬ್ರೆಗೆಗೆ ಹೇಳಿ ಮಾಡಿಸಿದ ಗಡಿಯಾರ 1812ರಲ್ಲಿ ಸಿದ್ಧವಾಯಿತು. ಆಗ ಗಂಡಸರದು ಜೇಬಿನ ಗಡಿಯಾರ. ಕೈಗೆ ಕಟ್ಟುವುದು ಅವರಿಗೆ ನಾಚಿಕೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈಹಾಕಲು ಪುರಸೊತ್ತಿಲ್ಲದೆ ಹೋದ ಮೇಲೆ ಆ ನಾಚಿಕೆ ಬಿಟ್ಟಿತು. ಅಲ್ಲಿಂದಾಚೆ ಗಂಡಸರ ವಾಚು ಸಲಕರಣೆಯಾಯಿತು, ಹೆಂಗಸರದು ಒಡವೆಯಾಗಿಯೇ ಉಳಿದು ಚಿಕ್ಕದಾಗುತ್ತ ಹೋಯಿತು. ಚಿಕ್ಕದಾದಷ್ಟೂ ಕೆಲಸ ಕಷ್ಟ. ಒಳಗೆ ತೂಗಾಡುವ ಬ್ಯಾಲೆನ್ಸ್ ಚಕ್ರ ಹಗುರವಾದರೆ ಸಣ್ಣ ಅಲುಗಾಟಕ್ಕೂ ಲಯ ತಪ್ಪುತ್ತದೆ. ಚೆಂದ ಕಾಣಲೆಂದು ಸಮಯವನ್ನೇ ಕೊಂಚ ಬಿಟ್ಟುಕೊಡಬೇಕಾದ ವಸ್ತು ಅದು. ಈ ಚೌಕಾಸಿಯನ್ನು ಹೆಂಗಸರನ್ನು ಕೇಳಿ ಮಾಡಿದ್ದಲ್ಲ ಎಂಬುದು ನನ್ನ ತಕರಾರು.

ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ಮಾಡತೊಡಗಿತು. ಗಂಡಸರಿಗೆ ಜನತಾ, ಮುಂದೆ ಹೆಂಗಸರಿಗೆ ಸುಜಾತಾ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಜೋಡಿಸುವ ಸಾಲಿನಲ್ಲಿ ಬಹಳ ಮಂದಿ ಹೆಂಗಸರೇ ಕೂತಿದ್ದರು. ಸಂಬಳದ ಕೈಗಳು ಮಾಡಿದ್ದನ್ನು ಸಂಬಳದ ಕೈಗಳೇ ಕಟ್ಟಿಕೊಂಡವು. ದಿನಾ ಬೆಳಿಗ್ಗೆ ಕೀಲಿ ಕೊಡಬೇಕು. ಮರೆತರೆ ಮಧ್ಯಾಹ್ನದ ಬಸ್ಸು ತಪ್ಪುತ್ತದೆ.

ನಮ್ಮ ಕರಾವಳಿಯ ಮಳೆ ಈ ವಾಚುಗಳಿಗೆ ಶತ್ರು. ಆಷಾಢದಲ್ಲಿ ಗಾಜಿನೊಳಗೆ ಹಬೆ ಕೂರುತ್ತಿತ್ತು, ಉಪ್ಪುಗಾಳಿಗೆ ಮುಳ್ಳು ತುಕ್ಕು ಹಿಡಿಯುತ್ತಿತ್ತು. ಅಕ್ಕೋರು ರಾತ್ರಿ ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರಂತೆ.

ಭಟ್ಕಳದ ಕಥೆ ಬೇರೆ. ಗಲ್ಫಿಗೆ ಹೋದ ಗಂಡಸರು ರಜೆಗೆ ಬರುವಾಗ ಸೆಂಟು, ಬಟ್ಟೆಯೊಂದಿಗೆ ಚಿನ್ನದ ಬಣ್ಣದ ಲೇಡೀಸ್ ವಾಚು ತರುತ್ತಿದ್ದರು. ಪೇಟೆಯ ಫಾರಿನ್ ಸಾಮಾನಿನ ಅಂಗಡಿಗಳಲ್ಲೂ ಅವು ಸಿಗುತ್ತಿದ್ದವು. ಜಪಾನಿನ ಸೈಕೊ 1969ರಲ್ಲಿ ಮಾರುಕಟ್ಟೆಗೆ ತಂದ ಕ್ವಾರ್ಟ್ಜ್ ತಂತ್ರ ಅಷ್ಟರಲ್ಲಿ ಅಗ್ಗವಾಗಿತ್ತು. ಕೀಲಿಯ ರಗಳೆಯಿಲ್ಲ, ಎಷ್ಟು ಚಿಕ್ಕದಾದರೂ ಹೊತ್ತು ತಪ್ಪದು. ಹೊಸೂರಿನ ಟೈಟಾನ್ ಇದನ್ನೇ ಹಿಡಿದು 1992ರಲ್ಲಿ ಹೆಂಗಸರಿಗೆಂದೇ ರಾಗಾ ತಂದಿತು. ಎಚ್‌ಎಂಟಿ ತಡಮಾಡಿತು. 2016ರಲ್ಲಿ ಅದರ ವಾಚು ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ಅಕ್ಕೋರ ಸುಜಾತಾ ಈಗ ನನ್ನ ಹತ್ತಿರ ಇದೆ. ಕುಮಟಾ ಪೇಟೆಯ ವಾಚು ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿ, "ಬ್ಯಾಲೆನ್ಸು ಹೋಗಿದೆ, ಹೊಸದು ಎಲ್ಲೂ ಸಿಗೂದಿಲ್ಲ" ಅಂದರು. ಆಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದು, ನಿಂತುಹೋದ ಇನ್ನಾರದೋ ಸುಜಾತಾಗಳನ್ನು ಮೇಜಿನ ಮೇಲೆ ಸುರಿದು, ಒಂದೊಂದಾಗಿ ಅಲುಗಿಸಿ ನೋಡತೊಡಗಿದರು.