ಇಟಲಿಯ ಕಿವಿಗೆ ಬಿದ್ದ ‘ಚೌಟ್ರು’

ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯಲ್ಲಿ ಕೂತು ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಬರೆಯುತ್ತಿದ್ದೆ. ಕನ್ನಡನಾಡಿಗೆ ಬಂದ ಇಟಲಿಯ ಪ್ರವಾಸಿಗರು ನನ್ನ ವಿಷಯ. ಇಟಾಲಿಯನ್ ಬಾರದ ನಾನು ನೆಚ್ಚಿಕೊಂಡದ್ದು ಇಂಗ್ಲಿಷ್ ಅನುವಾದಗಳನ್ನು.

ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿ ನೋಡಿ, ಕರಾವಳಿಗೆ ಇಳಿದು, ಉಳ್ಳಾಲದ ರಾಣಿಯನ್ನು ಕಂಡ. ಬರಿಗಾಲಲ್ಲಿ ನಿಂತು ಕಾಲುವೆ ಕೆಲಸ ಮಾಡಿಸುತ್ತಿದ್ದ ಆಕೆಯ ಹೆಸರನ್ನೂ ಕೇಳಿ ಬರೆದುಕೊಂಡ. ಆ ಪತ್ರಗಳ ಇಂಗ್ಲಿಷ್ ಅನುವಾದವನ್ನು ಹಕ್ಲೂಯ್ಟ್ ಸೊಸೈಟಿ 1892ರಲ್ಲಿ ಮತ್ತೆ ಅಚ್ಚು ಹಾಕಿಸಿತು. ಅದರಲ್ಲಿದ್ದ ಹೆಸರನ್ನು ನಾನು ‘ಅಬಗ್ ದೇವಿ ಸಿಯಾತ್ರು’ ಎಂದು ಓದಿ, ಹಾಗೆಯೇ ಬರೆದುಬಿಟ್ಟೆ. ಮಾರ್ಗದರ್ಶಕರು ಪಕ್ಕದಲ್ಲಿ ಗೀಚಿದ್ದು ಒಂದೇ ಸಾಲು: ‘ಇದು ಯಾವ ಮನೆತನವಮ್ಮ?’

ಉತ್ತರ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ‘ಚಾವ್’ ಎಂಬ ಇಟಾಲಿಯನ್ ಮಾತಿನಲ್ಲಿ. ಅದರ ಮೊದಲ ಮೂರು ಅಕ್ಷರ ಸಿ, ಐ, ಎ. ಮೂರೂ ಸೇರಿದರೆ ಅವರಿಗೆ ‘ಚಾ’. ರಾಣಿಯ ಹೆಸರಿನ ಕೊನೆಯ ಭಾಗ ಶುರುವಾಗುವುದೂ ಇದೇ ಮೂರು ಅಕ್ಷರಗಳಿಂದ. ಹಾಗೆ ಓದಿದರೆ ‘ಸಿಯಾತ್ರು’ ಹೋಗಿ ‘ಚೌತ್ರು’ ಆಯಿತು. ಉಳ್ಳಾಲ ಆಳಿದವರು ಚೌಟರು. ಅಬಗ್ ನಮ್ಮ ಅಬ್ಬಕ್ಕ!

ಅನುವಾದಕ ಮಾತುಗಳನ್ನೆಲ್ಲ ಇಂಗ್ಲಿಷಿಗೆ ತಂದ, ಹೆಸರಿನ ಅಕ್ಷರಗಳನ್ನು ಮಾತ್ರ ಇದ್ದಲ್ಲಿಂದ ಎತ್ತಿಟ್ಟ. ಅಕ್ಷರ ದಾಟಿತು, ಉಲಿ ಹಿಂದೆಯೇ ಉಳಿಯಿತು. ನಮ್ಮ ಪಕ್ಕದ ವಿಜಯನಗರಕ್ಕೂ ಹೀಗೇ ಆಗಿದೆ. ಸುಮಾರು 1420ರಲ್ಲಿ ಬಂದ ನಿಕೊಲೊ ಕೊಂತಿ ಹೇಳಿದ್ದನ್ನು ಪೊಜ್ಜೊ ಬ್ರಾಚೊಲಿನಿ ಲ್ಯಾಟಿನ್ನಿನಲ್ಲಿ ಬರೆದ. 1857ರ ಇಂಗ್ಲಿಷ್ ಅನುವಾದದಲ್ಲೂ ಅದು ‘ಬಿಜೆನೆಗಾಲಿಯಾ’. ಆದರೆ ಅಷ್ಟು ದೊಡ್ಡ ಊರು ಕಳೆದುಹೋಗುವುದಿಲ್ಲ. ಹೆಸರು ತಪ್ಪಿದರೆ ಕಳೆದುಹೋಗುವವಳು ಮನುಷ್ಯಳು.

ಇನ್ನೊಂದು ಮಾತು. ಮನೆತನ ಚೌಟ, ಹಾಗಿದ್ದರೆ ಕೊನೆಯ ‘ರು’ ಎಲ್ಲಿಂದ ಬಂತು? ಅದು ಅಲ್ಲಿನ ದೊರೆಗಳ, ರಾಣಿಯರ ಗೌರವದ ಬಿರುದು ಎನ್ನುತ್ತಾನೆ ದೆಲ್ಲಾ ವಾಲ್ಲೆ. ನನಗನ್ನಿಸುವುದು, ಸುತ್ತಲಿನವರು ‘ಚೌಟ್ರು’ ಎಂದಿರಬೇಕು, ನಮ್ಮ ಬೀದಿಯಲ್ಲಿ ‘ಗೌಡ್ರು’, ‘ಶೆಟ್ರು’ ಅನ್ನುವ ಹಾಗೆ. ಇಂಗ್ಲಿಷಿನಲ್ಲಿ ಆ ‘ರು’ಗೆ ಸಮನಾದ ಮಾತಿಲ್ಲ. ಇಟಲಿಯವನು ಅದನ್ನು ಅನುವಾದಿಸದೆ ಬಿಟ್ಟದ್ದೇ ಒಳ್ಳೆಯದಾಯಿತು: ನಾಲ್ಕು ಶತಮಾನ ಕಳೆದರೂ ಜನ ರಾಣಿಗೆ ಕೊಟ್ಟ ಮರ್ಯಾದೆ ಆ ಒಂದು ಅಕ್ಷರದಲ್ಲಿ ಉಳಿದಿದೆ.

ಅಧ್ಯಾಯ ತಿದ್ದಿದೆ. ಈಗ ಇಟಾಲಿಯನ್ ಕಲಿಯುತ್ತಿದ್ದೇನೆ.