‘ಯುರೋಪ್‌ನಲ್ಲಿ ಉಚಿತ ಪಿಎಚ್‌ಡಿ, ತಿಂಗಳಿಗೆ ಮೂರೂವರೆ ಲಕ್ಷ’: ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

‘ಕೆಮಿಸ್ಟ್ರಿ ಎಂಎಸ್ಸಿ ಆಗಿದೆಯೇ? ಯುರೋಪ್‌ನಲ್ಲಿ ಉಚಿತ ಪಿಎಚ್‌ಡಿ, ತಿಂಗಳಿಗೆ ಮೂರೂವರೆ ಲಕ್ಷ. ನೋಂದಣಿ ಶುಲ್ಕ ಕಟ್ಟಿ ಸೀಟು ಕಾಯ್ದಿರಿಸಿ.’ ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವುದು ಯಾವುದು ಎಂದು ನೋಡೋಣ.

ಯೋಜನೆ ನಿಜವೇ?

ಹೌದು. ಐರೋಪ್ಯ ಒಕ್ಕೂಟದ ಹಣದಿಂದ ನಡೆಯುವ ‘ಮೇರಿ ಸ್ಕ್ಲೋಡೋವ್‌ಸ್ಕಾ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ಸ್’ ಎಂಬ ಯೋಜನೆ ಇದೆ. ಓದಿಗಾಗಿ 1891ರಲ್ಲಿ ವಾರ್ಸಾ ಬಿಟ್ಟು ಪ್ಯಾರಿಸ್‌ಗೆ ಹೋಗಿ, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿಯ ಹೆಸರು ಅದು.

ಇಲ್ಲಿ ಬೇರೆ ಬೇರೆ ದೇಶಗಳ ಕನಿಷ್ಠ ಮೂರು ಸಂಸ್ಥೆಗಳು ಸೇರಿ ಒಂದು ಜಾಲ ಕಟ್ಟುತ್ತವೆ. ಉದಾಹರಣೆಗೆ, ಒಂದು ವಿಶ್ವವಿದ್ಯಾಲಯ ಹೊಸ ವೇಗವರ್ಧಕ ತಯಾರಿಸುತ್ತದೆ, ಇನ್ನೊಂದು ಕಂಪ್ಯೂಟರಿನಲ್ಲಿ ಅದರ ವರ್ತನೆ ಲೆಕ್ಕ ಹಾಕುತ್ತದೆ, ಒಂದು ಕಂಪನಿ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುತ್ತದೆ. ವಿದ್ಯಾರ್ಥಿ ಒಂದು ಕಡೆ ನೇಮಕವಾಗಿ, ಕೆಲವು ತಿಂಗಳು ಉಳಿದ ಕಡೆಗಳಿಗೂ ಹೋಗಿ ಕೆಲಸ ಮಾಡುತ್ತಾರೆ. ಯಾವುದೇ ದೇಶದವರೂ ಅರ್ಜಿ ಹಾಕಬಹುದು. ವಯೋಮಿತಿ ಇಲ್ಲ, ಆದರೆ ಈಗಾಗಲೇ ಪಿಎಚ್‌ಡಿ ಮುಗಿಸಿರಬಾರದು.

ಸಂಬಳ ಮೂರೂವರೆ ಲಕ್ಷವೇ?

ಇದು ವಿದ್ಯಾರ್ಥಿವೇತನವಲ್ಲ, ಕರಾರಿನ ಮೇಲಿನ ಉದ್ಯೋಗ. 2021–22ರ ನಿಯಮಾವಳಿಯಲ್ಲಿ ತಿಂಗಳಿಗೆ 3,400 ಯೂರೋ ಜೀವನ ಭತ್ಯೆ, 600 ಯೂರೋ ಸಂಚಾರ ಭತ್ಯೆ ಎಂದಿತ್ತು. ಫಾರ್ವರ್ಡ್‌ಗಳು ಇಂಥ ಮೊತ್ತವನ್ನೇ ರೂಪಾಯಿಗೆ ಬದಲಿಸಿ ‘ಸಂಬಳ’ ಎನ್ನುತ್ತವೆ. ಆದರೆ ಜೀವನ ಭತ್ಯೆ ಆಯಾ ದೇಶದ ಜೀವನ ವೆಚ್ಚಕ್ಕೆ ತಕ್ಕಂತೆ ಏರಿಳಿಯುತ್ತದೆ. ಸಂಸ್ಥೆ ಕಟ್ಟಬೇಕಾದ ಸಾಮಾಜಿಕ ವಿಮೆಯ ಪಾಲು, ನಿಮ್ಮ ಪಾಲು, ತೆರಿಗೆ ಎಲ್ಲವೂ ಈ ಮೊತ್ತದಿಂದಲೇ ಹೋಗುತ್ತವೆ. ಕೈಗೆ ಬರುವುದು ಸಾಕಷ್ಟು ಕಡಿಮೆ. ಮನೆ ಬಾಡಿಗೆಯೂ ಅದರಲ್ಲೇ ಆಗಬೇಕು.

ಫಾರ್ವರ್ಡ್ ಹೇಳದ ಎರಡು ಮಾತು

ಮೊದಲನೆಯದು 12 ತಿಂಗಳ ನಿಯಮ. ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ, ನೀವು ಸೇರಲಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ, ಓದು ಅಥವಾ ಕೆಲಸ ಮಾಡಿರಬಾರದು. ಜರ್ಮನಿಯಲ್ಲಿ ಎರಡು ವರ್ಷದ ಮಾಸ್ಟರ್ಸ್ ಈಗಷ್ಟೇ ಮುಗಿಸಿದವರಿಗೆ ಜರ್ಮನಿಯ ಹುದ್ದೆ ಸಿಗುವುದಿಲ್ಲ. ಅದೇ ಜಾಲದ ನೆದರ್‌ಲ್ಯಾಂಡ್ಸ್ ಹುದ್ದೆಗೆ ಅಡ್ಡಿಯಿಲ್ಲ. ಧಾರವಾಡದಲ್ಲೋ ಮೈಸೂರಿನಲ್ಲೋ ಎಂಎಸ್ಸಿ ಮಾಡಿ ಇಲ್ಲೇ ಇರುವವರಿಗೆ ಈ ನಿಯಮ ತೊಡಕಾಗದು.

ಎರಡನೆಯದು ಅವಧಿ. ಅನುದಾನ ಸಾಮಾನ್ಯವಾಗಿ 36 ತಿಂಗಳಿಗೆ. ಆದರೆ ನೆದರ್‌ಲ್ಯಾಂಡ್ಸ್‌ನಂಥ ಕಡೆ ಪಿಎಚ್‌ಡಿ ಎಂದರೆ ಸಾಮಾನ್ಯವಾಗಿ ನಾಲ್ಕು ವರ್ಷ. ಪ್ರಯೋಗ ಕೈಕೊಟ್ಟರೆ ರಸಾಯನಶಾಸ್ತ್ರದಲ್ಲಿ ತಿಂಗಳುಗಳೇ ಹೋಗುತ್ತವೆ. ‘ಅನುದಾನ ಮುಗಿದ ಮೇಲೆ ಸಂಬಳ ಯಾರು ಕೊಡುತ್ತಾರೆ?’ ಎಂದು ಸಂದರ್ಶನದಲ್ಲೇ ಕೇಳಿ. ಹೀಗೆ ಕೇಳುವುದು ಅವಿನಯವಲ್ಲ. ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ.

ಶುಲ್ಕ ಕಟ್ಟಬೇಕೇ?

ಅರ್ಜಿಗೆ ಶುಲ್ಕವಿಲ್ಲ, ಸಂದರ್ಶನಕ್ಕೂ ಇಲ್ಲ. ಕೆಲಸ ಕೊಡುವವರು ನಿಮ್ಮಿಂದಲೇ ಹಣ ಕೇಳುವುದಿಲ್ಲ. ‘ಸೀಟು ಕಾಯ್ದಿರಿಸುವುದು’ ಎಂಬ ಪದ್ಧತಿಯೇ ಇಲ್ಲಿಲ್ಲ. ಹುದ್ದೆಗಳ ಜಾಹೀರಾತು ‘ಯುರಾಕ್ಸೆಸ್’ ಎಂಬ ಐರೋಪ್ಯ ಒಕ್ಕೂಟದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ.

ನಿಜವಾದ ಖರ್ಚು ಬೇರೆ: ದಾಖಲೆಗಳ ದೃಢೀಕರಣ, ವೀಸಾ ಶುಲ್ಕ, ಮೊದಲ ಸಂಬಳ ಬರುವ ಮುನ್ನವೇ ಕಟ್ಟಬೇಕಾದ ಮನೆಯ ಮುಂಗಡ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಸೇರಿದ ಮೇಲೆ ನೋಂದಣಿ ಶುಲ್ಕವೂ ಇರುತ್ತದೆ. ಇವನ್ನು ಕಟ್ಟುವುದು ದೂತಾವಾಸಕ್ಕೆ ಅಥವಾ ಅದರ ಅಧಿಕೃತ ವೀಸಾ ಕೇಂದ್ರಕ್ಕೆ, ಮನೆ ಮಾಲೀಕರಿಗೆ, ವಿಶ್ವವಿದ್ಯಾಲಯಕ್ಕೆ. ಯಾವುದೋ ವಾಟ್ಸ್ಆಪ್ ನಂಬರಿನವರಿಗಲ್ಲ.

ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಒಟ್ಟಿನಲ್ಲಿ: ಅವಕಾಶ ನಿಜ, ಸಂಬಳದ ಲೆಕ್ಕ ಉತ್ಪ್ರೇಕ್ಷೆ, ಶುಲ್ಕ ವಂಚನೆ. ಆ ಫಾರ್ವರ್ಡ್ ಬಂದ ಗ್ರೂಪಿಗೇ ಇದನ್ನೂ ಕಳಿಸಿ.