ರೆನಲ್ಡ್ಸ್ ಬರೆದ ಗೋಲ್ಡ್‌ಸ್ಮಿತ್

ಭಾವಚಿತ್ರವನ್ನು ಚರಿತ್ರೆಯ ಆಧಾರವಾಗಿ ಬಳಸುವಾಗ, ಅದರಲ್ಲಿ ಕಾಣುವ ಮುಖವನ್ನೇ ವ್ಯಕ್ತಿಯ ಸ್ವಭಾವಕ್ಕೆ ಸಾಕ್ಷ್ಯವೆಂದು ಪರಿಗ್ರಹಿಸುವುದು ವಾಡಿಕೆ. ಈ ವಾಡಿಕೆ ಎಷ್ಟು ಅಪಾಯಕರವೆಂಬುದಕ್ಕೆ ಸರ್ ಜಾಷುವ ರೆನಲ್ಡ್ಸ್ ರಚಿಸಿದ ಐರಿಷ್ ಸಾಹಿತಿ ಆಲಿವರ್ ಗೋಲ್ಡ್‌ಸ್ಮಿತ್‌ನ ತೈಲಚಿತ್ರವು ನಿದರ್ಶನವಾಗಿದೆ. 1770ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದ ಈ ಚಿತ್ರ ಮುಂದೆ ಕೆಂಟ್ ಪ್ರಾಂತದ ನೋಲ್ ಮಹಲಿಗೆ ಸೇರಿತು. ರೆನಲ್ಡ್ಸನ ಚಿತ್ರಶಾಲೆಯಲ್ಲಿ ಸಿದ್ಧವಾದ ಅದರ ಪ್ರತಿಯೊಂದು ಲಂಡನ್ನಿನ ನ್ಯಾಷನಲ್ ಪೋರ್ಟ್ರೈಟ್ ಗ್ಯಾಲರಿಯಲ್ಲಿದೆ.

ಓರೆಯಾಗಿ ತಿರುಗಿದ ಮುಖ, ವಿಗ್ಗಿಲ್ಲದ ಬರಿದಲೆ, ತೆರೆದ ಬಿಳಿಯ ಕೊರಳಪಟ್ಟಿ, ತುಪ್ಪಳದ ಅಂಚುಳ್ಳ ಸಾದಾ ನಿಲುವಂಗಿ, ಕೈಯಲ್ಲಿ ಪುಸ್ತಕ. ನೋಡಿದೊಡನೆ ಪ್ರಾಚೀನ ಕಾಲದ ತತ್ತ್ವಜ್ಞಾನಿಯೊಬ್ಬನ ನೆನಪಾಗುತ್ತದೆ. ಆದರೆ ಲಂಡನ್ನಿನ ಬೀದಿಗಳಲ್ಲಿ ಓಡಾಡುತ್ತಿದ್ದ ಗೋಲ್ಡ್‌ಸ್ಮಿತ್ ಹೀಗಿರಲಿಲ್ಲ. ಬಾಲ್ಯದ ಸಿಡುಬು ಅವನ ಮುಖವನ್ನು ಕೆಡಿಸಿತ್ತು. ಬಣ್ಣದ ಉಡುಪಿನ ಮೋಹ ಅವನಿಗೆ ವಿಪರೀತವಾಗಿತ್ತು. 1769ರ ಅಕ್ಟೋಬರಿನಲ್ಲಿ ಹೊಸ ಕೋಟನ್ನು ಕುರಿತು ಅವನು ಮಿತ್ರರ ಮುಂದೆ ಜಂಬ ಕೊಚ್ಚಿದ್ದನ್ನು ಬಾಸ್ವೆಲ್ ದಾಖಲಿಸಿದ್ದಾನೆ. 1774ರಲ್ಲಿ ತೀರಿಕೊಂಡಾಗ ಅವನ ಸಾಲ ಸುಮಾರು 2000 ಪೌಂಡು. ಸಾಲಿಗರಲ್ಲಿ ದರ್ಜಿಯೂ ಒಬ್ಬ. ಇದನ್ನು ಕೇವಲ ಹುಚ್ಚುತನವೆಂದು ನಗುವವರು, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಅವನು ಊಳಿಗ ಮಾಡಿ ಓದಬೇಕಾದ ಬಡ ವಿದ್ಯಾರ್ಥಿಯಾಗಿದ್ದನೆಂಬುದನ್ನು ಮರೆಯಬಾರದು. ಅಂಥವರ ದೀನಸ್ಥಿತಿಯನ್ನು ಅವರ ಉಡುಪೇ ಎಲ್ಲರಿಗೂ ಸಾರುತ್ತಿತ್ತು.

ಹಾಗಾದರೆ ಚಿತ್ರ ಸುಳ್ಳೇ? ತನ್ನ ಅಣ್ಣ ಬರೆದವುಗಳಲ್ಲೆಲ್ಲ ಅತಿಯಾಗಿ ಸೊಗಸುಗೊಳಿಸಿದ ಚಿತ್ರ ಇದೆಂದು ರೆನಲ್ಡ್ಸನ ತಂಗಿ ಫ್ರಾನ್ಸಿಸಳೇ ಅಭಿಪ್ರಾಯಪಟ್ಟಳಂತೆ. ಆದರೆ ಇದನ್ನು ಬರಿಯ ಮುಖಸ್ತುತಿ ಎನ್ನುವುದು ಸರಿಯಲ್ಲ. 1768ರಲ್ಲಿ ಸ್ಥಾಪಿತವಾದ ಅಕಾಡೆಮಿಗೆ ರೆನಲ್ಡ್ಸ್ ಪ್ರಥಮ ಅಧ್ಯಕ್ಷ. ಮರುವರ್ಷದ ಕೊನೆಯಲ್ಲಿ ಗೋಲ್ಡ್‌ಸ್ಮಿತ್ ಅಲ್ಲಿ ಪ್ರಾಚೀನ ಇತಿಹಾಸಕ್ಕೂ ಜಾನ್ಸನ್ ಪ್ರಾಚೀನ ಸಾಹಿತ್ಯಕ್ಕೂ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಗೌರವ ಹುದ್ದೆಗಳಾದ್ದರಿಂದ ಸಂಬಳವಿರಲಿಲ್ಲ! 1770ರ ಪ್ರದರ್ಶನದಲ್ಲಿ ಜಾನ್ಸನ್ನನ ಚಿತ್ರವೂ ಇತ್ತು. ಅದರಲ್ಲಿ ಅವನಿಗೂ ವಿಗ್ಗಿಲ್ಲ. ಆದುದರಿಂದ ನಾವು ನೋಡುತ್ತಿರುವುದು ವ್ಯಕ್ತಿಯನ್ನಷ್ಟೇ ಅಲ್ಲ, ಹೊಸದೊಂದು ಸಂಸ್ಥೆ ಲೇಖಕನಿಗೆ ಕೊಡಬಯಸಿದ ಸ್ಥಾನವನ್ನು. ಪುಸ್ತಕ ವ್ಯಾಪಾರಿಗಳಿಗಾಗಿ ಗೇದು ಬದುಕುತ್ತಿದ್ದವನಿಗೆ ಆ ಸ್ಥಾನ ಸಣ್ಣದಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಪ್ರಕಟವಾದ ‘ಡೆಸರ್ಟೆಡ್ ವಿಲೇಜ್’ ಕಾವ್ಯವನ್ನು ಅವನು ರೆನಲ್ಡ್ಸನಿಗೆ ಅರ್ಪಿಸಿದನು.

ರೆನಲ್ಡ್ಸ್ ಮಿತ್ರನನ್ನು ಕುಂಚದಿಂದ ಮಾತ್ರವಲ್ಲದೆ ಲೇಖನಿಯಿಂದಲೂ ಚಿತ್ರಿಸಿದ್ದಾನೆ. ಮಿತ್ರನ ಮರಣಾನಂತರ ಬರೆದ ಆ ಗದ್ಯಚಿತ್ರದಲ್ಲಿ ಹೊಗಳಿಕೆಯ ಹಸಿವನ್ನಾಗಲಿ, ಅಸಂಬದ್ಧ ಮಾತಾಡಿಯಾದರೂ ಸಭೆಯ ಗಮನ ಸೆಳೆಯಬೇಕೆಂಬ ಚಪಲವನ್ನಾಗಲಿ ಅವನು ಮುಚ್ಚಿಟ್ಟಿಲ್ಲ. ಆದರೂ ಪ್ರತಿಭೆಯ ವಿಷಯದಲ್ಲಿ ಮಿತ್ರನ ಪರವಾಗಿಯೇ ನಿಲ್ಲುತ್ತಾನೆ. ಚರಿತ್ರಕಾರನಿಗೆ ಇವೆರಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ನಂಬುವಂತಿಲ್ಲ. ಆದರೆ ಎರಡರ ಭಾಗ್ಯವೂ ಒಂದೇ ಆಗಲಿಲ್ಲ. ತೈಲಚಿತ್ರವನ್ನು ಮಾರ್ಕಿ ಎಂಬ ಶಿಲ್ಪಿ 1770ರಲ್ಲಿಯೇ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿಸಿದನು. ಗದ್ಯಚಿತ್ರವು ಬಾಸ್ವೆಲ್ಲನ ಕಾಗದಪತ್ರಗಳ ನಡುವೆ ಉಳಿದಿದ್ದು 1952ರಲ್ಲಿ ಮುದ್ರಣವನ್ನು ಕಂಡಿತು.